ಹುಲಿ ಸುಲ್ತಾನನ ಕಾಸಿನ ಮೇಲೆ ಆನೆ ಯಾಕೆ? ಪಟ್ಟಣದ ಟಂಕಸಾಲೆಯ ತಾಮ್ರ ನಾಣ್ಯಗಳನ್ನು ಓದುವ ಬಗೆ

ವೀರಗಲ್ಲು ನೋಡೋದಕ್ಕೆ ಅಂತ ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಕಲ್ಲನ್ನು ತೊಳೆದು, ಪಡಿಯಚ್ಚು ತೆಗೆದು, ಪಕ್ಕದ ಮನೆಯ ಜಗಲಿ ಮೇಲೆ ನೀರು ಕುಡಿಯುತ್ತಾ ಕೂತಿದ್ದಾಗ ಆ ಮನೆಯ ಅಜ್ಜಿ ಒಳಗಿನಿಂದ ಹಿತ್ತಾಳೆ ತಟ್ಟೆ ತಂದರು. ತಟ್ಟೆಯಲ್ಲಿ ನಾಲ್ಕು ತಾಮ್ರದ ಕಾಸು. "ಕಲ್ಲು ಓದ್ತೀಯಲ್ಲಪ್ಪಾ, ಇದ್ನೂ ವಸಿ ಓದಿಕೊಡು" ಅಂದರು. ದೇವರ ಗೂಡಿನಲ್ಲಿ ಇದ್ದವಂತೆ. ಪ್ರತಿ ಹಬ್ಬಕ್ಕೂ ದೀಪದ ಜೊತೆ ಅವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಅನ್ನಿಸಿದ್ದರು.

ನಾಲ್ಕರಲ್ಲೂ ಆನೆ ಇತ್ತು. ಮನೆಯ ಇಬ್ಬರು ಹುಡುಗರ ನಡುವೆ ಆಗಲೇ ವಾದ ಶುರುವಾಗಿತ್ತು. ಒಬ್ಬ "ಇದು ಟೀಪೂ ಕಾಸು" ಅಂತ, ಇನ್ನೊಬ್ಬ "ಅಲ್ಲ ಕಣೋ, ಮಹಾರಾಜ್ರುದು" ಅಂತ. ವಾದ ಹಾಗೇ ಬೆಳೆದು ಕಾಸನ್ನು ಬಿಟ್ಟು ಇವತ್ತಿನ ರಾಜಕೀಯಕ್ಕೆ ಹೋಯಿತು. ಅದು ಹೇಗೆ ಮುಂದುವರಿಯಿತು ಅಂತ ನಿಮಗೆ ಹೇಳಬೇಕಾಗಿಲ್ಲ.

ತಮಾಷೆ ಏನಂದ್ರೆ, ಇಬ್ಬರೂ ಸರಿ. ಕೊನೆಗೆ ನೋಡಿದರೆ ಆ ತಟ್ಟೆಯಲ್ಲಿ ಮೂರು ಆಳ್ವಿಕೆಗಳ ಕಾಸುಗಳಿದ್ದವು. ಆನೆಯನ್ನು ನೋಡಿದರೆ ಎಲ್ಲವೂ ಒಂದೇ. ಅಕ್ಷರವನ್ನು ನೋಡಿದರೆ ಮಾತ್ರ ಬೇರೆ ಬೇರೆ. ಈ ಲೇಖನ ಆ ಎರಡರ ಬಗ್ಗೆ: ಬದಲಾಗದ ಆನೆ ಮತ್ತು ಬದಲಾಗುತ್ತಲೇ ಹೋದ ಅಕ್ಷರ.

ಕೈಯಲ್ಲಿ ಹಿಡಿಯುವ ಶಾಸನ

ಶಾಸನ ಅಂದ ಕೂಡಲೇ ನಮಗೆ ನೆನಪಾಗೋದು ಕಲ್ಲು, ತಾಮ್ರಪಟ. ಆದರೆ ಕಲ್ಲು ನಿಂತ ಜಾಗದಲ್ಲೇ ನಿಂತಿರುತ್ತದೆ, ಅದನ್ನು ಓದಬೇಕಾದರೆ ನಾವು ಅದರ ಹತ್ತಿರ ಹೋಗಬೇಕು. ತಾಮ್ರಪಟ ದಾನ ಪಡೆದವರ ಪೆಟ್ಟಿಗೆಯಲ್ಲಿ ಇರುತ್ತದೆ. ನಾಣ್ಯವೊಂದೇ ತಾನಾಗಿ ನಡೆದು ಬಂದು ಎಲ್ಲರ ಕೈ ಸೇರುವ ಶಾಸನ. ಸಂತೆಯಲ್ಲಿ ಉಪ್ಪು ಕೊಳ್ಳುವವಳ ಸೆರಗಿನ ಗಂಟಿಗೂ ಅರಮನೆಯ ಮಾತು ತಲುಪುತ್ತಿದ್ದದ್ದು ಕಾಸಿನ ಮೂಲಕವೇ.

ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಇವತ್ತು 'ಹಣ', 'ದುಡ್ಡು', 'ಕಾಸು' ಮೂರನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಮೂಲದಲ್ಲಿ ಹಣ ಅಂದ್ರೆ ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಪುಟ್ಟ ಚಿನ್ನದ ನಾಣ್ಯ. ದುಡ್ಡು, ಕಾಸು ಎರಡೂ ತಾಮ್ರ. 'ವರಾಹ' ಅನ್ನೋ ಹೆಸರಂತೂ ನಾಣ್ಯದ ಮೇಲಿದ್ದ ವರಾಹದ ಚಿತ್ರದಿಂದಲೇ ಬಂದದ್ದು. ನಾಣ್ಯ ಚಲಾವಣೆಯಿಂದ ಹೋದರೂ ಹೆಸರು ನಮ್ಮ ಬಾಯಲ್ಲಿ ಉಳಿಯಿತು.

ಚಿನ್ನ, ಬೆಳ್ಳಿ, ತಾಮ್ರ ಈ ಮೂರು ಲೋಹಗಳು ಮೂರು ಬೇರೆ ಬೇರೆ ಜನರ ಜೊತೆ ಮಾತಾಡುತ್ತವೆ ಅನ್ನೋದನ್ನ ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಇದಕ್ಕೆ ಒಳ್ಳೆಯ ಉದಾಹರಣೆ ರೋಮ್. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ದೂರದ ವ್ಯಾಪಾರಕ್ಕೆ ಬೆಳ್ಳಿ, ಚಿನ್ನ ಬೇಕು, ಅಲ್ಲಿ ಮುಖ್ಯವಾಗೋದು ಲೋಹದ ತೂಕ. ಕಂಚು, ತಾಮ್ರದ ಬೆಲೆ ಇರೋದು ಮುಖ್ಯವಾಗಿ ಅದರ ಮೇಲಿನ ಮುದ್ರೆಯಲ್ಲಿ, ಅಂದರೆ ಆ ಮುದ್ರೆಯನ್ನು ನಂಬುವ ಜನರಲ್ಲಿ.

ಹಾಗಾಗಿಯೇ ರೋಮಿನ ಅರಸರು ತಮ್ಮ ಜನಕ್ಕೆ ಹೇಳಬೇಕಾದ್ದನ್ನು ಕಂಚಿನ ಅಗಲವಾದ ನಾಣ್ಯಗಳ ಮೇಲೆ ಹೇಳಿದರು. ಯೆಹೂದಿಗಳ ದಂಗೆಯನ್ನು ಹತ್ತಿಕ್ಕಿದ ಮೇಲೆ ವೆಸ್ಪಾಸಿಯನ್ ಹೊರಡಿಸಿದ ಕಂಚಿನ ನಾಣ್ಯದಲ್ಲಿ ಒಂದು ಖರ್ಜೂರದ ಮರ, ಅದರ ಕೆಳಗೆ ತಲೆಗೆ ಕೈಕೊಟ್ಟು ಕೂತ ಹೆಂಗಸು, 'ಯುಡೇಯಾ ಕಾಪ್ಟಾ' ಅನ್ನೋ ಬರಹ. ಯೂದಾಯ ಸೆರೆಯಾಯಿತು ಅಂತ ಅರ್ಥ. ಓದು ಬಾರದವನಿಗೂ ಅಳುವ ಹೆಂಗಸು ಅರ್ಥವಾಗುತ್ತಾಳೆ. ಅದೇ ಕಂಚಿನ ಮೇಲೆ 'ಎಸ್ ಸಿ' ಅನ್ನೋ ಎರಡಕ್ಷರವೂ ಇರುತ್ತಿತ್ತು, ಸೆನೆಟ್ಟಿನ ನಿರ್ಣಯದಂತೆ ಅಂತ ಅದರ ಅರ್ಥ. ಚಕ್ರವರ್ತಿಯ ಕೈಯಲ್ಲೇ ಎಲ್ಲ ಅಧಿಕಾರ ಇದ್ದ ಕಾಲದಲ್ಲೂ ಸೆನೆಟ್ಟಿನ ಹೆಸರನ್ನು ತೆಗೆಯಲಿಲ್ಲ. ಹಳೆಯ ಗುರುತನ್ನು ಉಳಿಸಿಕೊಂಡು ಹೊಸ ಅಧಿಕಾರ ನಡೆಸೋದು ಅಂದ್ರೆ ಇದೇ. ನೀರೋ ವಿರುದ್ಧ ದಂಗೆ ಎದ್ದಾಗ ಅವನ ಕಂಚಿನ ನಾಣ್ಯಗಳ ಮೇಲೆ, ಅವನ ಚಿತ್ರಕ್ಕೇ, 'ಎಸ್ ಪಿ ಕ್ಯೂ ಆರ್' ಅಂತ ಮರುಮುದ್ರೆ ಹೊಡೆದದ್ದೂ ಉಂಟು. ಅರಸ ಬೇಡ, ಆದರೆ ಸೆನೆಟ್ಟು ಮತ್ತು ಜನರ ಹೆಸರಿನಲ್ಲಿ ಕಾಸು ನಡೆಯಲಿ ಅಂತ.

ಈ ಎರಡು ವಿಷಯ ನೆನಪಿರಲಿ: ಓದು ಬಾರದವರಿಗಾಗಿ ಚಿತ್ರ, ಓದು ಬಂದವರಿಗಾಗಿ ಅಕ್ಷರ. ಈಗ ಶ್ರೀರಂಗಪಟ್ಟಣಕ್ಕೆ ಬರೋಣ.

ಆನೆ ಎಲ್ಲಿಂದ ಬಂತು?

ಟೀಪು ಸುಲ್ತಾನ ಅಂದ್ರೆ ಹುಲಿ. ಸಿಂಹಾಸನಕ್ಕೆ ಹುಲಿಯ ತಲೆ, ಫಿರಂಗಿಯ ಬಾಯಿಗೆ ಹುಲಿ, ಸೈನಿಕರ ಬಟ್ಟೆಗೆ ಹುಲಿಪಟ್ಟೆ. ಬಿಳಿಯ ಸಿಪಾಯಿಯ ಮೇಲೆ ಎರಗಿರುವ ಮರದ ಹುಲಿ ಇವತ್ತಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟೆಲ್ಲ ಇದ್ದರೂ ಪಟ್ಟಣದ ಟಂಕಸಾಲೆಯಿಂದ ವರ್ಷವರ್ಷವೂ ಹೊರಬಂದ ತಾಮ್ರದ ಕಾಸಿನ ಮೇಲೆ ಹುಲಿ ಇಲ್ಲ, ಆನೆ ಇದೆ. ಯಾಕೆ?

ಉತ್ತರ ಟೀಪುವಿಗಿಂತ ಹಿಂದಕ್ಕೆ ಹೋಗುತ್ತೆ. ತಲಕಾಡಿನ ಗಂಗರ ತಾಮ್ರಪಟಗಳ ಮುದ್ರೆಯಲ್ಲಿ ಇರೋದು ಆನೆ. ಗಂಗರದ್ದು ಅಂತ ಗುರುತಿಸುವ ಚಿನ್ನದ ನಾಣ್ಯಗಳಲ್ಲೂ ಒಂದು ಕಡೆ ಆನೆ, ಇನ್ನೊಂದು ಕಡೆ ಬಳ್ಳಿಯ ಸುರುಳಿ. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಹೋದವರಿಗೆ ಹೊಯ್ಸಳರ ಕಾಲದ ಗರುಡಗಂಬಗಳು ಗೊತ್ತಿರುತ್ತವೆ. ಅರಸನ ಜೊತೆ ಪ್ರಾಣ ಕೊಡುತ್ತೇವೆ ಅಂತ ಮಾತು ಕೊಟ್ಟು, ತಲೆಮಾರಿನಿಂದ ತಲೆಮಾರಿಗೆ ಅದನ್ನು ನಡೆಸಿದ ಒಂದು ಮನೆತನದ ನೆನಪಿನ ಕಂಬಗಳವು. ಆ ಕಂಬಗಳ ತಲೆಯ ಮೇಲೂ ಆನೆಗಳೇ ನಿಂತಿವೆ. ವಿಜಯನಗರದ ಇಮ್ಮಡಿ ದೇವರಾಯನ ತಾಮ್ರದ ನಾಣ್ಯಗಳಲ್ಲೂ ಆನೆ ಇದೆ, 'ರಾಯ ಗಜ ಗಂಡಭೇರುಂಡ' ಅನ್ನೋ ಬಿರುದೂ ಇದೆ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯ ಕೈಯಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ಮುಂದೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ (1638-1659) ಕಂಠೀರಾಯ ಹಣ ಹೊರಟಿತು, ಆ ಪುಟ್ಟ ಚಿನ್ನದ ಮೇಲೆ ನರಸಿಂಹ. ಅದು ಅರಸನ ಹೆಸರಿನ ದೇವರು. ಆದರೆ ತಾಮ್ರದ ಮೈಸೂರು ಕಾಸುಗಳ ಒಂದು ದೊಡ್ಡ ಗುಂಪಿನಲ್ಲಿ ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಅಡ್ಡಗೆರೆ ಉದ್ದಗೆರೆಗಳ ಚೌಕುಳಿ. ಕೆಲವುಗಳಲ್ಲಿ ಕನ್ನಡ ಅಂಕಿ. ಅರಸನ ಹೆಸರು ಇಲ್ಲ. ಅಜ್ಜಿಯ ತಟ್ಟೆಯ ಮೊದಲನೇ ಕಾಸು ಈ ಜಾತಿಯದ್ದು.

ಅಂದರೆ ಹೈದರಾಲಿ ಅಧಿಕಾರಕ್ಕೆ ಬರುವ ಹೊತ್ತಿಗೆ ಈ ಸೀಮೆಯ ಸಂತೆಯಲ್ಲಿ ಆನೆ ಅಂದ್ರೆ ತಾಮ್ರದ ಕಾಸು ಅಂತ ಜನರ ಕಣ್ಣಿಗೆ ರೂಢಿಯಾಗಿತ್ತು. ಹೈದರ್ ಈ ವಿಷಯದಲ್ಲಿ ಜಾಣ. 1763ರಲ್ಲಿ ಬಿದನೂರು ಗೆದ್ದಾಗ ಇಕ್ಕೇರಿಯ ಹೊನ್ನಿನ ಮೇಲಿದ್ದ ಶಿವಪಾರ್ವತಿಯರನ್ನು ಹಾಗೇ ಬಿಟ್ಟು, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ, ಪರ್ಷಿಯನ್ ಲಿಪಿಯ 'ಹೇ', ಅದೊಂದನ್ನು ಮಾತ್ರ ಹಾಕಿಸಿದ. ಚಿತ್ರ ಹಳೆಯದು, ಅಕ್ಷರ ಹೊಸದು. ತನ್ನ ಕೊನೆಯ ವರ್ಷಗಳಲ್ಲಿ ಪಟ್ಟಣದಿಂದ ಹೊರಡಿಸಿದ ತಾಮ್ರದ ಮೇಲೆ ಆನೆಯನ್ನೇ ಮುಂದುವರಿಸಿದ. ಟೀಪುವಿಗೆ ಬಂದದ್ದು ಈ ಆನೆ.

ಟೀಪುವಿನ ಕಾಸನ್ನು ಓದೋದು ಹೇಗೆ?

ಈಗ ತಟ್ಟೆಯ ಎರಡನೇ ಕಾಸು. ಸುಮಾರು 11 ಗ್ರಾಂ ತೂಕದ ಪೈಸೆ. ಒಂದು ಬದಿಗೆ ಆನೆ. ಈ ಆನೆ ಕೆಲವು ನಾಣ್ಯಗಳಲ್ಲಿ ಎಡಕ್ಕೆ, ಕೆಲವುಗಳಲ್ಲಿ ಬಲಕ್ಕೆ ನಡೆಯುತ್ತದೆ. ಇನ್ನೊಂದು ಬದಿಗೆ ಪರ್ಷಿಯನ್ನಿನಲ್ಲಿ 'ಜರ್ಬ್ ಪಟನ್', ಪಟ್ಟಣದಲ್ಲಿ ಅಚ್ಚಾದದ್ದು ಅಂತ. ಸುಲ್ತಾನನ ಟಂಕಸಾಲೆಗೂ ಶ್ರೀರಂಗಪಟ್ಟಣ ಬರೀ 'ಪಟ್ಟಣ'. ಮಂಡ್ಯದ ಕಡೆಯವರು ಇವತ್ತಿಗೂ "ಪಟ್ಣಕ್ಕೆ ಹೋಗ್ಬತ್ತೀನಿ" ಅಂತಾರಲ್ಲ, ಅದೇ ಪಟ್ಟಣ.

ಮೊದಲ ತೊಡಕು ಬರೋದು ತಾರೀಖಿನಲ್ಲಿ. ಟೀಪುವಿನ ಮೊದಲ ನಾಲ್ಕು ವರ್ಷದ ನಾಣ್ಯಗಳಲ್ಲಿ ಹಿಜರಿ ವರ್ಷ ಇದೆ, 1197ರಿಂದ 1200. ಐದನೇ ವರ್ಷಕ್ಕೆ ಇದ್ದಕ್ಕಿದ್ದಂತೆ 1215 ಬರುತ್ತದೆ. ಮಧ್ಯದ ಹದಿನಾಲ್ಕು ವರ್ಷ ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ, ಎಣಿಕೆಯೇ ಬದಲಾಯಿತು. ಟೀಪು ಮೌಲೂದಿ ಅನ್ನೋ ಹೊಸ ಶಕೆ ಶುರುಮಾಡಿದ. ಹೆಸರು ಪ್ರವಾದಿಯ ಜನನದ್ದು. ಆದರೆ ಲೆಕ್ಕ ಮಾತ್ರ ಬರೀ ಚಾಂದ್ರಮಾನದ ಹಿಜರಿಯ ಹಾಗಲ್ಲ. ನಮ್ಮ ಪಂಚಾಂಗದಂತೆ ಚೈತ್ರದಿಂದ ಶುರುವಾಗುವ ಚಾಂದ್ರ-ಸೌರ ವರ್ಷ, ಅರವತ್ತು ಸಂವತ್ಸರಗಳ ಚಕ್ರಕ್ಕೂ ಹೊಂದುವಂಥದ್ದು. ಮಳೆ, ಬೆಳೆ, ಕಂದಾಯ ಎಲ್ಲವೂ ಈ ಲೆಕ್ಕಕ್ಕೇ ಕೂರುತ್ತವೆ, ಹಿಜರಿಗೆ ಕೂರಲ್ಲ. ಮೌಲೂದಿ ವರ್ಷಕ್ಕೆ 572 ಕೂಡಿಸಿದರೆ ಕ್ರಿಸ್ತಶಕ ಸರಿಸುಮಾರಾಗಿ ಸಿಗುತ್ತದೆ. 1215 ಅಂದ್ರೆ 1787.

ಎರಡನೇ ತೊಡಕು ಇನ್ನೂ ಮಜವಾಗಿದೆ. ಮೌಲೂದಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದಾನೆ. ಪರ್ಷಿಯನ್ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಗಳು ಎಡದಿಂದ ಬಲಕ್ಕೇ ಇರೋದು ರೂಢಿ. ಟೀಪು ಅದನ್ನೂ ತಿರುಗಿಸಿದ. ಹಾಗಾಗಿ 1215 ನಮ್ಮ ಕಣ್ಣಿಗೆ 5121 ಅಂತ ಕಾಣುತ್ತದೆ, 1222 ಅನ್ನೋದು 2221 ಆಗುತ್ತದೆ. "ನಮ್ಮಲ್ಲಿ ಐದು ಸಾವಿರ ವರ್ಷದ ನಾಣ್ಯ ಇದೆ" ಅಂತ ಯಾರಾದರೂ ಹೇಳಿದರೆ ನಗಬೇಡಿ, ಅವರು ಅಂಕಿಯನ್ನು ಸರಿಯಾಗೇ ಓದಿದ್ದಾರೆ, ದಿಕ್ಕು ಮಾತ್ರ ತಪ್ಪಿದೆ.

ಕೊನೆಯ ನಾಲ್ಕು ವರ್ಷದ ತಾಮ್ರದಲ್ಲಿ ಆನೆಯ ಮೇಲ್ಗಡೆ ಒಂದೊಂದು ಅಕ್ಷರ ಬರುತ್ತದೆ: ಅಲಿಫ್ ಅಂದರೆ 1224, ಬೇ ಅಂದರೆ 1225, ತೇ ಅಂದರೆ 1226, ಸೇ ಅಂದರೆ 1227. ಅಂಕಿ ಸವೆದಿದ್ದರೂ ಆ ಒಂದಕ್ಷರ ಉಳಿದಿದ್ದರೆ ವರ್ಷ ಹೇಳಬಹುದು.

ಚಿನ್ನಕ್ಕೆ ಖಲೀಫರು, ತಾಮ್ರಕ್ಕೆ ನಕ್ಷತ್ರಗಳು

ಟೀಪು ತನ್ನ ಪ್ರತಿಯೊಂದು ನಾಣ್ಯಕ್ಕೂ ಒಂದು ಹೆಸರಿಟ್ಟ. ಈ ಹೆಸರಿನ ಪಟ್ಟಿಯನ್ನು ಲೋಹದ ಪ್ರಕಾರ ಜೋಡಿಸಿ ನೋಡಿ, ಆಗ ರಾಜಕೀಯ ಕಾಣುತ್ತದೆ.

ಚಿನ್ನದ ಮೊಹರು ಅಹ್ಮದಿ, ಪ್ರವಾದಿಯ ಹೆಸರು. ಅದರರ್ಧ ಸಿದ್ದೀಕಿ, ಮೊದಲ ಖಲೀಫ ಅಬೂಬಕರ್ ಹೆಸರು. ಹೊನ್ನು ಫಾರೂಕಿ, ಎರಡನೇ ಖಲೀಫ ಉಮರ್ ಹೆಸರು. ಬೆಳ್ಳಿಗೆ ಬಂದರೆ ಎರಡು ರೂಪಾಯಿಯ ದೊಡ್ಡ ನಾಣ್ಯ ಹೈದರಿ. ಅದು ಅಲಿಯ ಬಿರುದೂ ಹೌದು, ಅಪ್ಪನ ಹೆಸರೂ ಹೌದು. ರೂಪಾಯಿ ಇಮಾಮಿ, ಅದರ ಕೆಳಗೆ ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ, ಎಲ್ಲವೂ ಇಮಾಮರ ಹೆಸರುಗಳು, ಅದಕ್ಕೂ ಕೆಳಗೆ ಖಿಜ್ರಿ. ಸುನ್ನಿಗಳು ಮುಖ್ಯವೆನ್ನುವ ಖಲೀಫರು ಚಿನ್ನದಲ್ಲಿ, ಶಿಯಾಗಳಿಗೆ ಪೂಜ್ಯರಾದ ಇಮಾಮರು ಬೆಳ್ಳಿಯಲ್ಲಿ. ಆಸ್ಥಾನದವರು, ಸರದಾರರು, ದೊಡ್ಡ ವ್ಯಾಪಾರಿಗಳು ನೋಡುವ ನಾಣ್ಯಗಳಿವು.

ತಾಮ್ರದಲ್ಲಿ ಏನಿದೆ? ಜೋಡಿ ಪೈಸೆಗೆ ಮೊದಲು ಉಸ್ಮಾನಿ ಅಂತ ಮೂರನೇ ಖಲೀಫನ ಹೆಸರಿತ್ತು. ಆಮೇಲೆ ಅದನ್ನೂ ಬದಲಾಯಿಸಿ ಮುಷ್ತರಿ ಮಾಡಿದ. ಮುಷ್ತರಿ ಅಂದ್ರೆ ಗುರುಗ್ರಹ. ಪೈಸೆ ಜೊಹ್ರಾ, ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಅರೆಕಾಲು ಕುತುಬ್, ಧ್ರುವ. ನಂತರದ ವರ್ಷಗಳಲ್ಲಿ ಈ ಹೆಸರುಗಳು ಟಂಕಸಾಲೆಯ ಹೆಸರಿನ ಜೊತೆ ನಾಣ್ಯದ ಮೇಲೇ ಬರುತ್ತವೆ.

ನೋಡಿ, ತಾಮ್ರಕ್ಕೆ ಬರುವ ಹೊತ್ತಿಗೆ ಧರ್ಮದ ಹೆಸರುಗಳು ನಿಂತು ಆಕಾಶ ಬಂತು. ನಾಗಮಂಗಲದ ಕಂಚುಗಾರನಾಗಲಿ, ಮೇಲುಕೋಟೆಯ ಹೂವಾಡಿಗನಾಗಲಿ, ಫ್ರೆಂಚ್ ದಂಡು ಬೀಡುಬಿಟ್ಟಿದ್ದ ಹಿರೋಡೆಯ (ಇವತ್ತಿನ ಪಾಂಡವಪುರ, ನಡುವೆ ಫ್ರೆಂಚ್ ರಾಕ್ಸ್) ಪೇಟೆಯ ಸೊಪ್ಪಿನವಳಾಗಲಿ, ಜೊಹ್ರಾ ಅಂತ ಓದುತ್ತಿರಲಿಲ್ಲ. ಅವರಿಗೆ ಅದು ಆನೆಕಾಸು, ಅಷ್ಟೇ. ಜೋಡಿ ಪೈಸೆಯ ಕೆಲವು ಆನೆಗಳಿಗೆ ಬೆನ್ನ ಮೇಲೆ ಬಾವುಟ ಸೇರಿದೆ. ಆದರೂ ಆನೆ ಆನೆಯೇ.

ನನ್ನ ಅಭಿಪ್ರಾಯ ಇದು: ಟೀಪು ಅಕ್ಷರದಲ್ಲಿ ಮಾಡಬೇಕಾದ ಬದಲಾವಣೆಯನ್ನೆಲ್ಲ ಮಾಡಿದ. ಶಕೆ ಬದಲಾಯಿಸಿದ, ಅಂಕಿಯ ದಿಕ್ಕು ಬದಲಾಯಿಸಿದ, ಊರಿನ ಹೆಸರುಗಳನ್ನೂ ಬದಲಾಯಿಸಿದ. ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಯಿತು, ಗುತ್ತಿ ಫೈಜ್ ಹಿಸಾರ್ ಆಯಿತು, ಧಾರವಾಡ ಖುರ್ಷೀದ್ ಸವಾದ್ ಆಯಿತು. ಆದರೆ ಕಾಸಿನ ಚಿತ್ರವನ್ನು ಮಾತ್ರ ಮುಟ್ಟಲಿಲ್ಲ. ತನ್ನ ಸ್ವಂತ ಹುಲಿಯನ್ನು ಅಲ್ಲಿ ಕೂರಿಸಿದರೆ ಅದು ಹೊಸ ಕಾಸು ಆಗುತ್ತದೆ, ಹೊಸ ಕಾಸನ್ನು ಸಂತೆ ಅನುಮಾನದಿಂದ ನೋಡುತ್ತದೆ. ಆನೆ ಸೀಮೆಯದ್ದು, ಹುಲಿ ಅವನದ್ದು. ತಾಮ್ರ ನಡೆಯೋದು ಸೀಮೆಯ ನಂಬಿಕೆಯ ಮೇಲೆ.

ಇಲ್ಲದ ಹೆಸರು

ನಾಣ್ಯ ಓದುವಾಗ ಇರುವುದನ್ನು ಓದಿದಷ್ಟೇ ಮುಖ್ಯವಾಗಿ ಇಲ್ಲದ್ದನ್ನೂ ಓದಬೇಕು. ಆ ಕಾಲಕ್ಕೆ ದೆಹಲಿಯ ಬಾದಶಹ ಶಾ ಆಲಂ ಕೈಯಲ್ಲಿ ಅಧಿಕಾರ ಏನೂ ಉಳಿದಿರಲಿಲ್ಲ. ಆದರೂ ಈಸ್ಟ್ ಇಂಡಿಯಾ ಕಂಪನಿಯೂ ತನ್ನ ರೂಪಾಯಿಯನ್ನು ಅವನ ಹೆಸರಿನಲ್ಲೇ ಹೊಡೆಸುತ್ತಿತ್ತು, ಮರಾಠರೂ ಅಷ್ಟೇ. ರೋಮಿನ ಕಂಚಿನ ಮೇಲಿನ ಸೆನೆಟ್ಟಿನ ಹಾಗೆ, ಬಲ ಹೋದರೂ ಹೆಸರು ಬೇಕಿತ್ತು. ಟೀಪು ಆ ಹೆಸರನ್ನು ಬಿಟ್ಟ. ನಾನು ಯಾರ ಸಾಮಂತನೂ ಅಲ್ಲ ಅನ್ನೋದನ್ನ ಇದಕ್ಕಿಂತ ಜೋರಾಗಿ ಹೇಳೋಕಾಗಲ್ಲ.

ಆದರೆ ಬಾದಶಹನ ಹೆಸರು ತೆಗೆದ ಜಾಗದಲ್ಲಿ ತನ್ನ ಹೆಸರನ್ನೂ ಹಾಕಲಿಲ್ಲ! ಟೀಪು ಅನ್ನೋ ಹೆಸರು ಅವನ ನಾಣ್ಯಗಳಲ್ಲಿ ಇಲ್ಲ. ಚಿನ್ನ ಬೆಳ್ಳಿಯಲ್ಲಿ ಸುಲ್ತಾನ ಅನ್ನೋ ಬಿರುದು, ಅಪ್ಪನ ಹೆಸರು, ಹೊನ್ನಿನಲ್ಲಿ ಅಪ್ಪನ ಅದೇ 'ಹೇ' ಅಕ್ಷರ. ಹಾಗಿದ್ದರೆ ಅವನ ಹೆಸರು ಎಲ್ಲಿದೆ? ಟಂಕಸಾಲೆ ಇದ್ದ ಇದೇ ಊರಿನ ಶ್ರೀರಂಗನಾಥನ ದೇವಸ್ಥಾನದ ಬೆಳ್ಳಿ ಪಾತ್ರೆಗಳ ಮೇಲೆ, ಕನ್ನಡ ಅಕ್ಷರದಲ್ಲಿ, ಕೊಟ್ಟವರು ಟೀಪು ಸುಲ್ತಾನರು ಅಂತ ಇದೆ. ನಾಣ್ಯದ ಮೇಲೆ ಪರ್ಷಿಯನ್ನಿನಲ್ಲಿ ಹೆಸರಿಲ್ಲದ ಸುಲ್ತಾನ, ದೇವರ ಪಾತ್ರೆಯ ಮೇಲೆ ಕನ್ನಡದಲ್ಲಿ ಹೆಸರುಳ್ಳ ದಾನಿ. ಒಂದನ್ನೇ ಹಿಡಿದು ಅವನನ್ನು ಅಳೆಯೋಕೆ ಹೊರಟವರಿಗೆ ಇನ್ನೊಂದು ಅಡ್ಡ ಬರುತ್ತದೆ. ಶಾಸನ ಓದುವವರು ಎರಡನ್ನೂ ಓದಬೇಕು.

1227: ಮುತ್ತಿಗೆಯ ವರ್ಷ

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. ಮಲಬಾರ್ ಕಂಪನಿಗೆ, ಧಾರವಾಡ ಮರಾಠರಿಗೆ. ನಾಣ್ಯಗಳಲ್ಲಿ ಇದು ನೇರವಾಗಿ ಕಾಣುತ್ತದೆ. ಕಲ್ಲಿಕೋಟೆ, ಖುರ್ಷೀದ್ ಸವಾದ್ ಮುಂತಾದ ಹೆಸರುಗಳು ಟಂಕಸಾಲೆಗಳ ಪಟ್ಟಿಯಿಂದ ಬಿದ್ದುಹೋಗುತ್ತವೆ. ಪಟ್ಟಣ, ನಗರದಂಥ ಕೆಲವು ಮಾತ್ರ ಕೊನೆಯತನಕ ನಡೆಯುತ್ತವೆ. ರಾಜ್ಯದ ನಕ್ಷೆ ಬೇಕಾದರೆ ಕಾಸುಗಳನ್ನು ವರ್ಷವಾರು ಜೋಡಿಸಿದರೆ ಸಾಕು.

1799ರ ಏಪ್ರಿಲ್ ಮೊದಲ ವಾರದಲ್ಲಿ ಕಂಪನಿಯ ಸೈನ್ಯ ಪಟ್ಟಣದ ಎದುರಿಗೆ ಬಂದು ನಿಂತಿತು. ಅದೇ ವಾರ ಯುಗಾದಿ, ಸಿದ್ಧಾರ್ಥಿ ಸಂವತ್ಸರ ಶುರು. ಮೌಲೂದಿ ಲೆಕ್ಕದಲ್ಲಿ 1227. ಮೇ 4ಕ್ಕೆ ಕೋಟೆ ಬಿತ್ತು, ಟೀಪು ಸತ್ತ. ಆ ವರ್ಷಕ್ಕೆ ಸಿಕ್ಕಿದ್ದು ಒಂದು ತಿಂಗಳಿಗೂ ಕಡಿಮೆ. ಆದರೂ 'ಸೇ' ಅಕ್ಷರದ, 1227ರ ಕಾಸುಗಳು ಇವೆ. ಕಲ್ಲಿನ ಶಾಸನದಲ್ಲಿ ಇಷ್ಟು ಚಿಕ್ಕ ಕಾಲವನ್ನು ಹಿಡಿಯೋದು ಅಪರೂಪ.

ಆಮೇಲೆ ಗೆದ್ದವರು ತಮ್ಮ ಚಿತ್ರ ಬರೆಸಿದರು. ಕಂಪನಿ ತನ್ನ ಸೈನಿಕರಿಗಾಗಿ ಶ್ರೀರಂಗಪಟ್ಟಣದ ಪದಕ ಮಾಡಿಸಿತು, ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ ಮತ್ತು ಕಲ್ಕತ್ತೆಯಲ್ಲಿ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಕೆಳಗಿನವರಿಗೆ ಬೆಳ್ಳಿ, ಕಂಚು, ತವರ. ಅದರ ಮೇಲೆ ಬ್ರಿಟಿಷ್ ಸಿಂಹ ಹುಲಿಯೊಂದನ್ನು ಕೆಳಗೆ ಕೆಡವಿ ಮೇಲೆ ನಿಂತಿದೆ. ವೆಸ್ಪಾಸಿಯನ್ನನ ಅಳುವ ಹೆಂಗಸಿನ ಜಾಗದಲ್ಲಿ ಇಲ್ಲಿ ಬಿದ್ದ ಹುಲಿ.

ಗಮನಿಸಿ: ಬಿದ್ದದ್ದು ಹುಲಿ. ಆನೆಯಲ್ಲ.

ಮಹಾರಾಜರ ಆನೆ

1799ರ ಜೂನ್ 30ಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದರು, ಆಡಳಿತ ದಿವಾನ್ ಪೂರ್ಣಯ್ಯನವರದ್ದು. ಟೀಪುವಿನ ಶಕೆ ಹೋಯಿತು, ತಿರುಗುಮುರುಗು ಅಂಕಿ ಹೋಯಿತು, ಜೊಹ್ರಾ ಬಹ್ರಾಮ್ ಹೋದವು. ಹೊನ್ನಿನ ಮೇಲೆ ಶಿವಪಾರ್ವತಿಯರು ಮತ್ತೆ ಬಂದರು. ಬೆಳ್ಳಿಯ ಮೇಲೆ ಯಾರು ಬಂದರು ಗೊತ್ತಾ? ಶಾ ಆಲಂ ಬಾದಶಹ! ಟೀಪು ತೆಗೆದುಹಾಕಿದ್ದ ಹೆಸರು, ಮೈಸೂರಿನ ಮಹಾರಾಜರ ರೂಪಾಯಿಯ ಮೇಲೆ ವಾಪಸ್ಸು ಬಂತು.

ತಾಮ್ರದಲ್ಲಿ ಆನೆ ಹಾಗೇ ಉಳಿಯಿತು. ತಟ್ಟೆಯ ಮೂರನೇ ಕಾಸು ಇದು. ಆನೆಯ ಮೇಲ್ಗಡೆ ಸೂರ್ಯ, ಚಂದ್ರ, 'ಶ್ರೀ'. ಅಂದು ಬೆಳಿಗ್ಗೆ ನಾನು ಪಡಿಯಚ್ಚು ತೆಗೆದ ವೀರಗಲ್ಲಿನ ತುದಿಯಲ್ಲೂ ಅದೇ ಸೂರ್ಯಚಂದ್ರರಿದ್ದರು. ಆಚಂದ್ರಾರ್ಕ, ಸೂರ್ಯಚಂದ್ರರಿರುವ ತನಕ ಅನ್ನೋ ಶಾಸನದ ಹಳೆಯ ಮಾತು ಕಾಸಿನ ಮೇಲೆ ಚಿತ್ರವಾಗಿ ಬಂದಿದೆ. ಹಿಂಬದಿಗೆ ಕನ್ನಡದಲ್ಲಿ 'ಮಯಿಲಿ ಕಾಸು ೨೦', ಜೊತೆಗೆ ಇಂಗ್ಲಿಷಿನಲ್ಲಿ ರೋಮನ್ ಅಂಕಿಯ ಇಪ್ಪತ್ತು ಮತ್ತು 'ಕ್ಯಾಶ್'. ಈ ಕ್ಯಾಶ್ ಬೇರೆ ಯಾವುದೂ ಅಲ್ಲ, ನಮ್ಮ ಕಾಸೇ. ಪೋರ್ಚುಗೀಸರ ಬಾಯಿ ಹಾದು ಇಂಗ್ಲಿಷಿಗೆ ಹೋಗಿ, ಕಾಸಿನ ಮೇಲೆ ಕಾಸಿನ ಪಕ್ಕದಲ್ಲೇ ಬಂದು ಕೂತಿದೆ. ಎರಡು ಸಾವಿರ ವರ್ಷದ ಹಿಂದೆ ಬೆಳ್ಳಿಯ ಮೇಲೆ ಬಂದಿದ್ದ ರೋಮನ್ ಲಿಪಿ ಈಗ ಕಂಪನಿಯ ಜೊತೆ ನಮ್ಮ ತಾಮ್ರಕ್ಕೂ ಇಳಿಯಿತು. ಮೈಸೂರಿನಲ್ಲಿ ಯಾರ ಮಾತು ನಡೆಯುತ್ತಿತ್ತು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಮುಂದೆ ಆನೆಯ ಮೇಲೆ 'ಶ್ರೀ ಚಾಮುಂಡಿ' ಅನ್ನೋ ಹೆಸರು ಬಂತು. 1831ರಲ್ಲಿ ಆಡಳಿತವನ್ನು ಬ್ರಿಟಿಷ್ ಕಮಿಷನರುಗಳು ತೆಗೆದುಕೊಂಡರು. ಆ ಸುಮಾರಿಗೆ ಕಾಸಿನ ಮೇಲೆ ಆನೆ ಹೋಗಿ ಸಿಂಹ ಬಂತು, 'ಕೃಷ್ಣ' ಅನ್ನೋ ಹೆಸರೂ ಇತ್ತು. 1843ರ ಹೊತ್ತಿಗೆ ಮೈಸೂರಿನ ತಾಮ್ರದ ಟಂಕ ನಿಂತೇಹೋಯಿತು.

ಹುಣಸೆಹಣ್ಣಿಗೆ ಕರಗುವ ಚರಿತ್ರೆ

ಈಗ ಅಜ್ಜಿಯ ತಟ್ಟೆಗೆ ವಾಪಸ್ಸು ಬರೋಣ. ಮೂರು ಕಾಸು ಓದಾಯಿತು. ನಾಲ್ಕನೆಯದು? ಆನೆಯ ಬೆನ್ನಿನ ಗೆರೆ, ಸೊಂಡಿಲು, ಅಷ್ಟೇ ಉಳಿದಿತ್ತು. ಹಿಂಬದಿ ಕನ್ನಡಿಯ ಹಾಗೆ ನುಣುಪು. ಅಲ್ಲಿ ಇದ್ದದ್ದು ಚೌಕುಳಿಯೋ, 'ಜರ್ಬ್ ಪಟನ್' ಅನ್ನೋ ಬರಹವೋ, ಕನ್ನಡದ ಕಾಸೋ, ಯಾವ ಅರಸನೂ ಅಳಿಸಲಿಲ್ಲ. ಹಬ್ಬಹಬ್ಬಕ್ಕೂ ಭಕ್ತಿಯಿಂದ ತಿಕ್ಕಿದ ಹುಣಸೆಹಣ್ಣು ಅಳಿಸಿತು. ಹುಳಿ ತಾಮ್ರದ ಮೇಲಿನ ಹಸಿರು ಕಂದು ಪದರವನ್ನು ಕರಗಿಸುತ್ತದೆ. ಎಷ್ಟೋ ಸಲ ಅಕ್ಷರದ ಅಂಚು ಉಳಿದಿರೋದೇ ಆ ಪದರದಲ್ಲಿ. ಚಿತ್ರ ದೊಡ್ಡದು, ದಪ್ಪ ಅಚ್ಚಿನದು, ತಡೆದುಕೊಳ್ಳುತ್ತದೆ. ಅಲಿಫ್, ಬೇ, ಸೇ ಅನ್ನೋ ಒಂದೊಂದಕ್ಷರ, ಒಂದೊಂದು ಅಂಕಿ ಮೊದಲು ಹೋಗುತ್ತದೆ.

ಹಾಗಾಗಿ ನಿಮ್ಮ ಮನೆಯಲ್ಲಿ, ನೆಂಟರ ಮನೆಯಲ್ಲಿ ಆನೆಕಾಸು ಇದ್ದರೆ ಇಷ್ಟು ಮಾಡಿ. ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ತೊಳೆಯುವ ಪುಡಿ ಯಾವುದೂ ಬೇಡ. ಮಣ್ಣಿದ್ದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಕಾಗದದ ಪೊಟ್ಟಣದಲ್ಲಿಡಿ. ಓರೆ ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆಯಿರಿ, ತೂಕ, ಅಗಲ ಬರೆದಿಡಿ. ಎಲ್ಲಿ ಸಿಕ್ಕಿತು, ಯಾರಿಂದ ಬಂತು ಅನ್ನೋದನ್ನೂ ಬರೆದಿಡಿ.

ಹಳೇ ತಾಮ್ರ ಅಂತ ತೂಕಕ್ಕೆ ಹಾಕಬೇಡಿ, ಕರಗಿಸಿದ ಮೇಲೆ ಅದು ಬರೀ ತಾಮ್ರ. ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಹಂಚಿಕೊಳ್ಳಬೇಡಿ. ನಿಧಿಯ ವಿಷಯಕ್ಕೆ 1962ರ ಕರ್ನಾಟಕದ ಕಾಯ್ದೆಯೇ ಇದೆ, ತಾಲ್ಲೂಕು ಕಚೇರಿಗೆ ತಿಳಿಸಿ. ಒಟ್ಟಿಗೆ ಸಿಕ್ಕ ನಾಣ್ಯಗಳು ಒಟ್ಟಿಗೆ ಇದ್ದರೆ ಮಾತ್ರ ಯಾವ ಆಳ್ವಿಕೆಯ ಕಾಸು ಯಾವುದರ ಜೊತೆ ನಡೆಯುತ್ತಿತ್ತು ಅಂತ ಗೊತ್ತಾಗೋದು.

ಆ ದಿನ ಹೊರಡುವಾಗ ಹುಡುಗರಿಗೆ ಮೂರು ಕಾಸನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಟೀಪು ಕಾಸು ಅಂದವನಿಗೂ, ಮಹಾರಾಜರ ಕಾಸು ಅಂದವನಿಗೂ ತಲಾ ಒಂದು ಸಿಕ್ಕಿತು. ಇಬ್ಬರೂ ಕೇಳದೇ ಇದ್ದ ಮೂರನೆಯದು, ಆ ಚೌಕುಳಿಯ ಹಳೇ ಕಾಸು, ಉಳಿದ ಎರಡಕ್ಕೂ ಹಿರಿಯದು. ಸ್ವಲ್ಪ ಹೊತ್ತು ನೋಡಿದ ಮೇಲೆ ಚಿಕ್ಕವನು ಕೇಳಿದ, "ಅಂಗಾದ್ರೆ ಆನೆ ಯಾರ್ದು?"

ಅಜ್ಜಿ ಕಾಸುಗಳನ್ನು ಒಂದೊಂದಾಗಿ ಎತ್ತಿ ಸೆರಗಿಗೆ ಹಾಕಿಕೊಳ್ಳುತ್ತಾ ಅಂದರು: "ಇನ್ಯಾರ್ದು ಮಗಾ, ನಮ್ದು."

ಅವತ್ತಿನಿಂದ ಹುಣಸೆಹಣ್ಣು ಹಾಕಲ್ಲ ಅಂತ ಮಾತನ್ನೂ ಕೊಟ್ಟರು.